ಚಾವಿಗೊಂಚಲು ಕಟ್ಟಿಕೊಂಡು ಓಡಿದವನು

ನನ್ನ ಹೆಂಡತಿಯ ತಮ್ಮ ಓಡುವುದನ್ನು ಕಂಡರೆ ಬೆಟಗೇರಿಯ ಜನ ‘ಯಾಕೆ’ ಎಂದು ಕೇಳುವುದಿಲ್ಲ, ‘ಯಾರಿಗೆ’ ಎಂದು ಕೇಳುತ್ತಾರೆ. ಅವನು ಓಡಿದನೆಂದರೆ ಎಲ್ಲೋ ಯಾರೋ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಾರೆ ಎಂದೇ ಅರ್ಥ. ಬೇರೆ ಯಾವ ಕಾರಣಕ್ಕೂ ಅವನು ಓಡಿದ್ದನ್ನು ಕಂಡವರಿಲ್ಲ. ಬಸ್ಸಿಗೆ ಓಡಿದವನಲ್ಲ, ರೈಲಿಗೆ ಓಡಿದವನಲ್ಲ. ತನ್ನ ಮದುವೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಅವನು ಮಂಟಪದ ಹಿಂದೆ ಉಗ್ರಾಣದ ಕೀಲಿ ಬಿಚ್ಚುತ್ತ ಕುಳಿತಿದ್ದ. ಅಡುಗೆಯವರು ಚಾವಿ ಕಳೆದಿದ್ದರಂತೆ. ಮುಹೂರ್ತ ಮೀರುತ್ತದೆ ಎಂದು ನಾನು ಗಡಿಯಾರ ತೋರಿಸಿದರೆ, “ಮಾಮಾರ, ಒಳಗ ಬುಂದೆ ಐತ್ರಿ” ಎಂದ. ಆಗಲೂ ಓಡಲಿಲ್ಲ, ನಡೆದೇ ಬಂದ!

ಕೀಲಿ ಬಿಚ್ಚುವುದೇ ಅವನ ಉದ್ಯೋಗ. ಬೆಟಗೇರಿಯ ಪೇಟೆಯ ಬಾಯಲ್ಲಿ ಒಂದು ತಗಡಿನ ಪೆಟ್ಟಿಗೆ, ಒಂದು ಸ್ಟೂಲು, ನಾಲ್ಕು ಅರಗಳು, ಮೊಳೆಗೆ ತೂಗುಹಾಕಿದ ಚಾವಿಗಳ ಗೊಂಚಲು. ಊರಿನ ಅರ್ಧ ಮನೆಗಳಿಗೆ ಚಾವಿ ಮಾಡಿಕೊಟ್ಟವನ ಸ್ವಂತ ಮನೆಯ ಚಾವಿ ಮಾತ್ರ ಕಳೆದು ಎಷ್ಟೋ ವರ್ಷವಾಯಿತು. ಅಂದಿನಿಂದ ಅವನು ನೆರೆಮನೆಯ ಮಾಳಿಗೆ ಹತ್ತಿ ಬೆಳಕಿಂಡಿಯಿಂದ ತನ್ನ ಅಡುಗೆಮನೆಗೆ ಇಳಿಯುತ್ತಾನೆ. ಒಂದು ಚಾವಿ ಮಾಡಿಕೊಳ್ಳಬಾರದೇನೋ ಎಂದರೆ, “ನನ್ನ ಕೀಲಿ ಭಾಳ ಛಲೋ ಐತ್ರಿ, ನನಗೂ ತಗಿಯಾಕ ಬರೂದಿಲ್ಲ” ಎನ್ನುತ್ತಾನೆ. ಇಂಥವನಿಗೆ ಏನು ಹೇಳುತ್ತೀರಿ?

ನಾನು ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿದ್ದವನು. ಗಂಟೆ ಹೊಡೆಯಲು ಜವಾನನಿದ್ದರೂ ಮೊದಲ ಗಂಟೆ ನಾನೇ ಹೊಡೆಯುತ್ತಿದ್ದೆ, ಏಕೆಂದರೆ ಜವಾನನ ಗಡಿಯಾರದ ಮೇಲೆ ನನಗೆ ನಂಬಿಕೆಯಿರಲಿಲ್ಲ. ನಿವೃತ್ತನಾದ ಮೇಲೂ ನಾಲ್ಕೂವರೆಗೆ ಏಳುವುದು, ಐದಕ್ಕೆ ಸ್ನಾನ, ಆರಕ್ಕೆ ಚಹಾ ತಪ್ಪಿಲ್ಲ. ನಮ್ಮಿಬ್ಬರನ್ನೂ ಒಂದೇ ಮನೆತನಕ್ಕೆ ಗಂಟುಹಾಕಿದ ವಿಧಿಗೆ ಹಾಸ್ಯಪ್ರಜ್ಞೆ ಇರಬೇಕು.

ನಮ್ಮ ಕಡೆ ಯಾರಿಗಾದರೂ ಮೂರ್ಛೆ ಬಂದು ಕೈಕಾಲು ಸೆಟೆದರೆ ಮಾಡುವ ಉಪಚಾರ ಮೂರು. ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು, ಇಲ್ಲವೇ ಚಪ್ಪಲಿ ಹಿಡಿಯುವುದು, ಇಲ್ಲವೇ ಮುಷ್ಟಿಯಲ್ಲಿ ಕಬ್ಬಿಣ ಇಡುವುದು. ಕಬ್ಬಿಣದಲ್ಲಿ ಚಾವಿ ಶ್ರೇಷ್ಠ. ಚಾವಿಗಳಲ್ಲಿ ಚಾವಿ ಮಾಡುವವನ ಚಾವಿ ಪರಮಶ್ರೇಷ್ಠ! ಹೀಗಾಗಿ ಮೂವತ್ತು ವರ್ಷ ಊರಿನಲ್ಲಿ ಯಾರು ಬಿದ್ದರೂ ಅವನಿಗೆ ಕರೆ ಹೋಗುತ್ತಿತ್ತು. ಕೈಯಲ್ಲಿದ್ದ ಅರವನ್ನು ಎಸೆದು, ಗೊಂಚಲನ್ನು ಮೊಳೆಯಿಂದ ಕಿತ್ತು, ಝಣಝಣ ಎನ್ನಿಸುತ್ತ ಅವನು ಓಡುತ್ತಿದ್ದ. ಓಡಿ, ಬಿದ್ದವರ ಬೆರಳು ಬಿಡಿಸಿ, ಚಾವಿಗಳನ್ನು ಒಳಗಿಟ್ಟು ಮುಷ್ಟಿ ಮುಚ್ಚುತ್ತಿದ್ದ. ಎರಡು ಮೂರು ನಿಮಿಷದಲ್ಲಿ ಅವರು ಸೆಟೆತ ಬಿಟ್ಟು ಉಸಿರೆಳೆಯುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ. ಒಂದು ಕಪ್ ಚಹಾ ಬಿಟ್ಟು ಯಾರಿಂದಲೂ ಏನೂ ಪಡೆಯುತ್ತಿರಲಿಲ್ಲ.

“ಕಬ್ಬಿಣ ಜಗ್ಗತೈತ್ರಿ ಮಾಮಾರ” ಎಂದು ನನಗೆ ವಿವರಿಸುತ್ತಿದ್ದ. “ಮೈಯಾಗಿನ ಝಟಕಾ ಎಲ್ಲಾ ಚಾವ್ಯಾಗ ಇಳೀತೈತಿ.”

ನಾನು ನಕ್ಕಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಶಾಲೆಯಲ್ಲಿ ಮೂರನೆಯ ಇಯತ್ತೆಯ ಒಂದು ಮಗು ಪ್ರಾರ್ಥನೆಯ ಹೊತ್ತಿಗೆ ಬಿದ್ದಾಗ ನಾನೇ ಕಪಾಟಿನ ಚಾವಿ ಕೊಟ್ಟಿದ್ದೇನೆ. ಮಗು ಎದ್ದ ಮೇಲೆ ತಂದೆಯನ್ನು ಕರೆಸಿ, ‘ಪೂರಾ ಗುಣವಾದ ಮೇಲೆ ಕಳಿಸಿ’ ಎಂದು ಹೇಳಿ, ಪ್ರಾರ್ಥನೆ ಏಳು ನಿಮಿಷ ತಡವಾದುದಕ್ಕೆ ಬೇಸರಪಟ್ಟಿದ್ದೇನೆ. ಆ ಮಗು ಮರಳಿ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೆರೆ ಎಳೆದು ಮುಂದಿನ ಹೆಸರಿಗೆ ಹೋದೆ.

ಎರಡು ವರ್ಷದ ಹಿಂದೆ ಅವನ ಮೊಮ್ಮಗಳು ಬಿದ್ದಳು. ಅವಳ ಹೆಸರನ್ನು ಬರೆಯಲು ಈಗ ಅಡ್ಡಿಯಿಲ್ಲ, ಆದರೆ ಅದು ಬರಬೇಕಾದ ಜಾಗದಲ್ಲಿ ಬರಲಿ. ಅವನ ಒಬ್ಬಳೇ ಮಗಳನ್ನು ಮುಂಡರಗಿಗೆ ಕೊಟ್ಟಿದೆ. ರಜೆಗೆ ಮಗುವನ್ನು ಕರೆದುಕೊಂಡು ಬೆಟಗೇರಿಗೆ ಬಂದಿದ್ದಳು. ಮಗುವಿಗೆ ಆಗ ಎಂಟು ವರ್ಷ. ಹೊಸ್ತಿಲ ಬಳಿ ಕುಂಟೆಬಿಲ್ಲೆ ಆಡುತ್ತಿದ್ದವಳು ಒಂದು ಕಾಲೂರಿದಲ್ಲೇ ನಿಂತಳು, ಆಮೇಲೆ ಕೆಳಗೆ ಬಂದಳು. ಅಂದು ಅವನು ಓಡಬೇಕಾಗಿರಲಿಲ್ಲ. ಮೂರು ಹೆಜ್ಜೆ ಸಾಕಾಯಿತು. ಚಾವಿ ಮುಷ್ಟಿಯಲ್ಲಿಟ್ಟ. ಒದ್ದಾಟ ನಿಲ್ಲಲಿಲ್ಲ. ಬೇರೆಯವರ ಮಕ್ಕಳ ಎರಡು ನಿಮಿಷಕ್ಕೂ ತನ್ನ ಮೊಮ್ಮಗಳ ಎರಡು ನಿಮಿಷಕ್ಕೂ ಉದ್ದದಲ್ಲಿ ವ್ಯತ್ಯಾಸವಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ನೆರೆದವರಲ್ಲಿ ಯಾರೋ “ನಾಲಗಿ ಕಡಕೊಂಡೀತು, ಬಾಯಿ ಬಿಡಸ್ರಿ” ಎಂದರು. ಗೊಂಚಲಿನಲ್ಲಿದ್ದ ಹಳೆಯ ವಾಡೆಯ ಬಾಗಿಲಿನ ದೊಡ್ಡ ಚಾವಿಯನ್ನು ಹಲ್ಲಿನ ನಡುವೆ ತೂರಿಸಿ ತಿರುವಿದ. ಜೀವಮಾನವಿಡೀ ಮಾಡಿದ ಕೆಲಸವಲ್ಲವೇ, ಕೈ ತಾನಾಗಿಯೇ ತಿರುವಿತು. ಮುಂದಿನ ಎರಡು ಹಲ್ಲು ಮುರಿದವು. ಹಾಲುಹಲ್ಲುಗಳಲ್ಲ, ಹೊಸದಾಗಿ ಬಂದಿದ್ದವು.

ಗದಗಿನ ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗುವನ್ನು ನೋಡಿ, ಔಷಧ ಬರೆದು, ಎಲ್ಲವನ್ನೂ ಸಾವಕಾಶ ಹೇಳಿದರು. ಮಗ್ಗುಲಿಗೆ ಹೊರಳಿಸಬೇಕು. ಬಾಯಲ್ಲಿ ಏನನ್ನೂ ಹಾಕಬಾರದು. ಕೈಕಾಲು ಅದುಮಿ ಹಿಡಿಯಬಾರದು. ಗಡಿಯಾರ ನೋಡುತ್ತಿರಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ತರಬೇಕು. ಹೆಚ್ಚಿನ ಸಲ ಅಷ್ಟರೊಳಗೆ ತಾನೇ ನಿಲ್ಲುತ್ತದೆ.

“ತಾನ ನಿಲ್ಲತೈತಿ?” ಎಂದ ಇವನು.

“ಹೌದ್ರಿ, ತಾನ ನಿಲ್ಲತೈತಿ.”

“ಚಾವಿ ಇಲ್ಲದನೂ?”

“ಚಾವಿ ಇಲ್ಲದನೂ.”

“ಹಂಗಾದ್ರ ಮೂವತ್ತು ವರ್ಷ ನಾ ಮಾಡಿದ್ದು ಏನ್ರೀ ಡಾಕ್ಟರ್ ಬಾಯಾರ?”

ಡಾಕ್ಟರು ಸಮಾಧಾನಕ್ಕೆ, “ಓಡಿದ್ರಲ್ಲಾ ಅಜ್ಜಾರ, ಅದು ಛಲೋ ಆತು. ಹೃದಯ ಗಟ್ಟಿ ಆಗಿರತೈತಿ” ಎಂದರು.

ಅದೊಂದು ಲಘುವಾದ ಮಾತು. ಆದರೆ ಇವನು ಲಘುವಾದ ಮಾತನ್ನು ಲಘುವಾಗಿ ತೆಗೆದುಕೊಳ್ಳುವ ಪೈಕಿಯಲ್ಲ. ಮೂವತ್ತು ವರ್ಷದಲ್ಲಿ ತಾನು ಸರಿಯಾಗಿ ಮಾಡಿದ್ದು ಓಡಿದ್ದೊಂದೇ ಎಂದು ಅವನ ತಲೆಯಲ್ಲಿ ಕೂತುಬಿಟ್ಟಿತು.

ಆಸ್ಪತ್ರೆಯ ಹೊರಗೆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಮಗಳು ಹಿಂದೆ ಸರಿದಳು. “ಆ ಕೈಲೆ ನನ್ನ ಮಗಳನ್ನ ಮುಟ್ಟಬ್ಯಾಡಪ್ಪಾ” ಎಂದಳು. ಕೂಗಿ ಹೇಳಿದ್ದರೆ ಸಿಟ್ಟು ಇಳಿದ ಮೇಲೆ ಮಾತೂ ಇಳಿಯುತ್ತಿತ್ತೇನೋ. ಅವಳು ಮೆಲ್ಲಗೆ ಹೇಳಿದಳು.

ಅಂದಿನಿಂದ ಅವನ ಬಲಗೈ ಎಲ್ಲಿಡಬೇಕೆಂದು ತಿಳಿಯದ ಸಾಮಾನಾಯಿತು. ಮುಂಡರಗಿಗೆ ಹೋದರೆ ಆ ಕೈಯನ್ನು ಅಂಗಿಯ ಕಿಸೆಯೊಳಗೆ ಇಟ್ಟುಕೊಂಡೇ ಕೂರುತ್ತಿದ್ದ. ಬೀಗರು ಲಕ್ವ ಹೊಡೆದಿದೆ ಎಂದು ತಿಳಿದು ಎಣ್ಣೆ ಕೊಟ್ಟು ಕಳಿಸಿದರು! ನಮ್ಮ ಮನೆಯಲ್ಲಿ ಒಮ್ಮೆ ಎಡಗೈಯಲ್ಲಿ ರೊಟ್ಟಿ ಮುರಿಯಲು ಹೋದಾಗ ನನ್ನ ಹೆಂಡತಿ ಲಟ್ಟಣಿಗೆ ತೋರಿಸಿದಳು. “ತಿನ್ನಾಕ ಏನಾಗೈತಿ ಬಲಗೈಗೆ?” ಎಂದಳು. “ತಿನ್ನಾಕ ಏನೂ ಆಗಿಲ್ಲಕ್ಕಾ” ಎಂದು ತಟ್ಟೆ ಸರಿಸಿ ಎದ್ದ.

ಮಗು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಕಲಿತಿತ್ತು. ಎಂಟು ವರ್ಷದ ಮಕ್ಕಳು ಕಲಿಯಬೇಕಾದ ಪಾಠವಲ್ಲ ಅದು.

ಒಂದು ಬೆಳಿಗ್ಗೆ ಐದೂ ಮುಕ್ಕಾಲಿಗೆ, ನನ್ನ ಚಹಾಕ್ಕೆ ಹದಿನೈದು ನಿಮಿಷ ಮೊದಲೇ, ಅವನು ಬಂದು ಕಟ್ಟೆಯ ಮೇಲೆ ಕುಳಿತ.

“ಮಾಮಾರ, ಮ್ಯಾರಥಾನ್ ಅಂದ್ರ ಎಷ್ಟು ದೂರರಿ?”

“ನಲವತ್ತೆರಡು ಕಿಲೋಮೀಟರು.”

“ಗದಗಿನಿಂದ ಲಕ್ಷ್ಮೇಶ್ವರ?”

“ನಲವತ್ತರ ಸುಮಾರು.”

“ಬೆಟಗೇರಿಯಿಂದ ಹಿಡದ್ರ ಎರಡು ಕೂಡತಾವಲ್ಲರಿ. ಸರಿ ಆತು.”

ಅವನ ಯೋಜನೆ ಇಷ್ಟೇ. ಅವನು ಓಡುತ್ತಾನೆ; ಜನ ಹಣ ಕೊಡುತ್ತಾರೆ; ಆ ಹಣದಲ್ಲಿ ದೊಡ್ಡ ಹಾಳೆ ಅಚ್ಚು ಹಾಕಿಸಿ, ಮಗು ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಚಿತ್ರಸಹಿತ ಬರೆದು, ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲ ಕಡೆಯ ಶಾಲೆಗಳ ಗೋಡೆಗೆ ಹಚ್ಚುವುದು. ಡಾಕ್ಟರು ಬಂದು ಮಾಸ್ತರರಿಗೆ ಕಲಿಸುವುದು. ಅರವತ್ತನಾಲ್ಕು ವರ್ಷದವನು, ಕೊಲ್ಹಾಪುರಿ ಚಪ್ಪಲಿ ಬಿಟ್ಟು ಬೇರೆ ಪಾದರಕ್ಷೆ ಕಾಣದವನು! ಬೇಡವೆಂದು ನಾನು ನಾಲ್ಕು ಕಾರಣ ಕೊಟ್ಟೆ. ಅವನು ನಾಲ್ಕನ್ನೂ ಕೇಳಿ, “ವೇಳಾಪಟ್ಟಿ ನೀವ ಹಾಕಿಕೊಡ್ರಿ, ನನಗ ಟೈಮ್ ತಿಳಿಯೂದಿಲ್ಲ” ಎಂದ. ವೇಳಾಪಟ್ಟಿ ಎಂಬ ಶಬ್ದ ಕೇಳಿ ನಾನು ಸೋತೆ.

ಮಗಳು ಮುಂಡರಗಿಯಿಂದ ನನಗೆ ಫೋನು ಮಾಡಿದಳು. “ಮಾವಾರ, ಅಪ್ಪ ಓಡ್ಲಿ, ಬಿಡ್ಲಿ. ನನ್ನ ಮಗಳ ಸುದ್ದಿ ಅವನ ಬಾಯಾಗ ಬರಬಾರದು. ಇಲ್ಲಿ ಯಾರಿಗೂ ಗೊತ್ತಿಲ್ಲ. ಶಾಲ್ಯಾಗ ಸೈತ, ಜಾರಿ ಬಿದ್ದು ಹಲ್ಲು ಮುರದಾವ ಅಂತ ಹೇಳೇವಿ. ನಾಳೆ ಆಕಿನ್ನ ಒಬ್ಬರ ಮನಿಗೆ ಕೊಡಬೇಕಲ್ರೀ.” ಇವನು ನನ್ನ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಆಗಲೆಂದು ಗೋಣು ಹಾಕಿದ.

ಮಾತು ಕೊಟ್ಟದ್ದು ಸುಲಭ. ಆದರೆ ಚಂದಾ ಕೇಳಲು ಹೋದಲ್ಲೆಲ್ಲ ಮೊದಲ ಪ್ರಶ್ನೆಯೇ “ಯಾರ ಸಲುವಾಗಿ ಓಡಾಕ್ಹತ್ತೀರಿ?” ಎಂದು. ಅವನು ಹುಟ್ಟಿನಿಂದ ಸುಳ್ಳಿಗೆ ಒಗ್ಗದವನು. ಒಂದು ಕಡೆ ‘ಲೋಕದ ಸಲುವಾಗಿ’ ಎಂದ. ಲೋಕಕ್ಕೆ ಯಾರೂ ಏನೂ ಕೊಡಲಿಲ್ಲ. ಲಕ್ಷ್ಮೇಶ್ವರದ ಅರಳೆ ವ್ಯಾಪಾರಿಯೊಬ್ಬರು ಪಟ್ಟು ಹಿಡಿದು ಕೇಳಿದಾಗ ಬೆವರೊರೆಸಿಕೊಂಡು ನನ್ನ ಕಡೆ ಬೆರಳು ಮಾಡಿ, “ಇವರ ಸಲುವಾಗಿ. ನಮ್ಮ ಮಾಮಾರಿಗೆ ಸಣ್ಣವರಿದ್ದಾಗಿಂದ ಐತ್ರಿ” ಎಂದುಬಿಟ್ಟ!

ನಾನು ಬಾಯಿ ತೆರೆದವನು ಮುಚ್ಚಿದೆ. ಇಲ್ಲವೆಂದರೆ ಮುಂದಿನ ಪ್ರಶ್ನೆ ಎಲ್ಲಿಗೆ ಹೋಗುತ್ತದೆ ಎಂದು ನನಗೆ ತಿಳಿದಿತ್ತು. ಅವತ್ತಿನಿಂದ ಲಕ್ಷ್ಮೇಶ್ವರದ ಪೇಟೆಯಲ್ಲಿ ನನಗೊಂದು ಹೊಸ ಮರ್ಯಾದೆ ಶುರುವಾಯಿತು. ಅಂಗಡಿಗೆ ಹೋದರೆ, “ಸರ, ಬಿಸಿಲಾಗ ನಿಲ್ಲಬ್ಯಾಡ್ರಿ, ಕುಂಡ್ರಿ” ಎಂದು ಕುರ್ಚಿ. ನಾನು ಆಕಳಿಸಿದರೆ ಇಬ್ಬರು ಎದ್ದು ನಿಲ್ಲುತ್ತಿದ್ದರು. ಚಹಾದ ಗ್ಲಾಸನ್ನು ಕೈಗೆ ಕೊಡದೆ ಮುಂದೆ ಇಟ್ಟು ಸರಿಯುತ್ತಿದ್ದರು. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಎಲ್ಲರೂ ನೋಡುವ ಬೆಂಚಿನ ಮೇಲೆ ನಿಲ್ಲುವುದು ಹೇಗಿರುತ್ತದೆ ಎಂದು ಎಪ್ಪತ್ತನೆಯ ವರ್ಷದಲ್ಲಿ ಕಲಿತೆ. ಮೂರನೆಯ ಇಯತ್ತೆಯ ಆ ಮಗು ನೆನಪಾಗುತ್ತಿತ್ತು. ಹೆಸರು ಮಾತ್ರ ನೆನಪಾಗಲಿಲ್ಲ.

ಶಿರಹಟ್ಟಿಯ ಪ್ರಸಂಗ ಬೇರೆ. ಅಲ್ಲಿ ಅವನು ಚಂದಾ ಕೇಳುವುದಕ್ಕಿಂತ ಮೊದಲು ಕ್ಷಮೆ ಕೇಳಲು ಹೊರಟ. ಬೆಟಗೇರಿಯಲ್ಲಿ ಒಮ್ಮೆ ಬಿದ್ದು, ಇವನ ಚಾವಿ ಹಿಡಿದು ಎದ್ದಿದ್ದ ಒಬ್ಬ ಹಿರಿಯರು ಅಲ್ಲಿದ್ದರು. ಅವರ ಪಡಸಾಲೆಯಲ್ಲಿ ಕೈಮುಗಿದು ನಿಂತು, “ಯಜಮಾನ್ರ, ಆವತ್ತು ನಾ ನಿಮಗ ಏನೂ ಮಾಡಿಲ್ರಿ. ಅದು ತಾನ ನಿಂತಿತ್ತು” ಎಂದ.

ಹಿರಿಯರು ಕೆರಳಿದರು. “ಏನಂತಿ? ನಿನ್ನ ಚಾವಿಯಿಂದ ನಾ ಬದುಕೇನಿ.”

“ಇಲ್ರೀ. ನೀವು ನಿಮ್ಮಷ್ಟಕ್ಕ ನೀವ ಬದುಕೀರಿ.”

“ಹದಿನೆಂಟು ವರ್ಷ ಆತು, ನಿನ್ನ ಚಾವಿ ತಲಿದಿಂಬಿನ ಬುಡಕ ಇಟಗೊಂಡು ಮಲಗತೇನಿ. ಒಮ್ಮೆನೂ ಬಂದಿಲ್ಲ. ಈಗ ಬಂದು ಸುಳ್ಳು ಅಂತೀಯಲ್ಲಾ, ನಾ ಇವತ್ತು ಹೆಂಗ ಮಲಗಲಿ?”

ಹಿರಿಯರು ಒಳಗಿನಿಂದ ಆ ಚಾವಿ ತಂದು ತೋರಿಸಿದರು. ತಿಕ್ಕಿ ತಿಕ್ಕಿ ಬೆಳ್ಳಿಯಂತಾಗಿತ್ತು. ಇವನು ಅದನ್ನು ತಿರುಗಿಸಿ ನೋಡಿ, “ಇದು ನಮ್ಮ ಮನೀದರಿ. ಎಷ್ಟು ಹುಡುಕೇನಿ!” ಎಂದ. ಆಮೇಲೆ ಅವರ ಅಂಗೈಯಲ್ಲೇ ಮರಳಿ ಇಟ್ಟು, “ಇರಲಿ, ಮಲಗ್ರಿ” ಎಂದು ಬಂದ. ಅವನು ಇಂದಿಗೂ ಬೆಳಕಿಂಡಿಯಿಂದಲೇ ಇಳಿಯುತ್ತಾನೆ.

ಓಟದ ತಾಲೀಮು ಬೆಳಿಗ್ಗೆ ಐದೂವರೆಗೆ ಎಂದು ನಾನು ನಿಗದಿ ಮಾಡಿದೆ. ಮೊದಲ ದಿನ ಅವನು ಆರೂವರೆಗೆ ಬಂದ, ನಡುವಿಗೆ ಆ ಗೊಂಚಲನ್ನು ಕಟ್ಟಿಕೊಂಡು.

“ಇದ್ಯಾಕೋ?” ಎಂದೆ.

“ಮೂವತ್ತು ವರ್ಷ ಇವನ್ನ ಹೊತ್ತ ಓಡೇನ್ರಿ. ಕಡೀ ಸಲಾನೂ ಇವು ಇರಲಿ. ಲಕ್ಷ್ಮೇಶ್ವರದಾಗ ಬಿಚ್ಚಿ ಇಟ್ಟು ಬರತೇನಿ.”

ಇಬ್ಬರೂ ಹೊರಟೆವು, ಅವನು ಓಡುತ್ತ, ನಾನು ಸ್ಕೂಟರಿನಲ್ಲಿ. ನೂರು ಗಜ ಹೋಗಿರಲಿಲ್ಲ, ಒಂದು ಬಾಗಿಲು ತೆರೆಯಿತು. “ಯಾರಿಗ್ರೀ?” ಇನ್ನೊಂದು ಬಾಗಿಲು. “ಯಾರ ಮನ್ಯಾಗ್ರೀ?” ಅವನಿಗೆ ಏದುಸಿರು, ಉತ್ತರ ಕೊಡಲಾರ. ಮುಂದೆ ಕೈ ಮಾಡಿ ತೋರಿಸಿದ. ಜನ ಹಿಂದೆ ಬಿದ್ದರು. ಪೇಟೆ ದಾಟುವಷ್ಟರಲ್ಲಿ ಹನ್ನೊಂದು ಮಂದಿ ಇದ್ದರು. ನಾಲ್ವರ ಕೈಯಲ್ಲಿ ಉಳ್ಳಾಗಡ್ಡಿ, ಇಬ್ಬರ ಕೈಯಲ್ಲಿ ಚಪ್ಪಲಿ, ಒಬ್ಬ ಹೆಣ್ಣುಮಗಳು ರೊಟ್ಟಿ ಬೇಯಿಸುತ್ತಿದ್ದವಳು ಕಬ್ಬಿಣದ ಹಂಚನ್ನೇ ಸೆರಗಿನಲ್ಲಿ ಹಿಡಿದು ಬರುತ್ತಿದ್ದಳು. ರೈಲ್ವೆ ಗೇಟಿನ ಬಳಿ ಅವನು ನಿಂತ. ಎಲ್ಲರೂ ನಿಂತರು. ಬಿದ್ದವರು ಯಾರೂ ಇರಲಿಲ್ಲ.

“ಯಾರಿಗೂ ಏನೂ ಆಗಿಲ್ರಿ” ಎಂದ. “ಸುಮ್ನ ಓಡಾಕ್ಹತ್ತೇನಿ.”

ಹಂಚು ಹಿಡಿದಾಕೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಹಂಗಾದ್ರ ನಿನಗ ಆಗೈತಿ, ತಗೋ” ಎಂದು ಒಬ್ಬನ ಕೈಯಿಂದ ಉಳ್ಳಾಗಡ್ಡಿ ಕಸಿದು ಇವನ ಮೂಗಿಗೆ ಹಿಡಿದಳು!

ಆ ಹನ್ನೊಂದು ಮಂದಿಗೆ ಅವನು ಅಲ್ಲೇ, ಗೇಟು ಹಾಕಿದ ಹೊತ್ತಿನಲ್ಲಿ, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ. ಗೂಡ್ಸ್ ಗಾಡಿ ಹೋಗುವವರೆಗೂ ಕೇಳಿದರು. ಹೋದ ಮೇಲೆ ಚದುರಿದರು. ಹೋಗುವಾಗ ಒಬ್ಬ ಇನ್ನೊಬ್ಬನಿಗೆ, “ಪಾಪ, ಅಂವಗ ಚಾವಿ ಮ್ಯಾಲಿನ ನಂಬಿಕಿ ಹೋಗೇತಿ” ಎಂದದ್ದು ನನಗೆ ಕೇಳಿಸಿತು.

ಓಟದ ದಿನ ಭಾನುವಾರ, ಚಳಿಗಾಲ. ಬೆಳಿಗ್ಗೆ ಐದಕ್ಕೆ ಬೆಟಗೇರಿ ಬಿಡುವುದು, ಎಂಟು ಐವತ್ತಕ್ಕೆ ಮಾಗಡಿ ಕೆರೆ, ಹತ್ತೂ ಮುಕ್ಕಾಲಿಗೆ ಲಕ್ಷ್ಮೇಶ್ವರ, ಎಂದು ನನ್ನ ವೇಳಾಪಟ್ಟಿ. ಹಿಂದಿನ ದಿನ ಮಗಳು ಫೋನಿನಲ್ಲಿ ಹೇಳಿದಳು: ಮಗು ಒಂದೇ ಸಮನೆ ಹಟ ಹಿಡಿದಿದೆ, ಅಜ್ಜ ಓಡುವುದನ್ನು ನೋಡಬೇಕಂತೆ. “ಮಾಗಡಿ ಕೆರಿಗೆ ಬರತೇವಿ. ಹಕ್ಕಿ ನೋಡಾಕ ಬಂದೋರಂಗ ನಿಲ್ಲತೇವಿ. ಅಪ್ಪಗ ಹೇಳ್ರಿ, ನಮ್ಮನ್ನ ಮಾತಾಡಸೂದು ಬ್ಯಾಡ, ಗುರ್ತು ಇಲ್ಲದೋರಂಗ ಮುಂದ ಹೋಗಿಬಿಡ್ಲಿ.” ಹೇಳಿದೆ. “ಆತ್ರಿ” ಎಂದ. ಸ್ವಲ್ಪ ಹೊತ್ತು ಬಿಟ್ಟು, “ಕೈ ಮಾಡಬಹುದೇನ್ರಿ? ಎಡಗೈಲೆ?” ಎಂದು ಕೇಳಿದ.

ಅವನು ಐದಕ್ಕೆ ಹೊರಟ! ಜೀವನದಲ್ಲಿ ಮೊದಲ ಸಲ ಗಂಟೆಗೆ ಸರಿಯಾಗಿ. ನಾನು ಸ್ಕೂಟರಿನಲ್ಲಿ ನೀರು, ಬೆಲ್ಲ, ಗಡಿಯಾರ ಹೊತ್ತು ಹಿಂದೆ. ಗದಗ ದಾಟಿದೆವು, ಬೆಳಕು ಹರಿಯಿತು, ಕರಿಮಣ್ಣಿನ ಹೊಲಗಳ ನಡುವೆ ಚಾವಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲ ವೇಳಾಪಟ್ಟಿಯಂತೆ ಇತ್ತು. ಅಷ್ಟರಲ್ಲಿ ಒಂದು ಹಳ್ಳಿಯಲ್ಲಿ ಹಾಲಿನ ಕ್ಯಾನು ಹಿಡಿದ ಹೆಣ್ಣುಮಗಳೊಬ್ಬಳು ಕೀಲಿ ಹಾಕಿದ ಮನೆಯ ಮುಂದೆ ನಿಂತಿದ್ದು ಅವನ ಕಣ್ಣಿಗೆ ಬಿತ್ತು. ಚಾವಿ ಬಾವಿಗೆ ಬಿದ್ದಿತ್ತಂತೆ, ಒಳಗೆ ಒಲೆಯ ಮೇಲೆ ಬೇಳೆ ಇತ್ತಂತೆ.

“ಲೇ, ಬ್ಯಾಡ” ಎಂದೆ. “ಮ್ಯಾರಥಾನ್ ಓಡಾಕ್ಹತ್ತೀದಿ ನೀನು.”

“ಬ್ಯಾಳಿ ಹೊತ್ತತೈತ್ರಿ ಮಾಮಾರ” ಎಂದು ಕೂತೇಬಿಟ್ಟ. ಹಳೆಯ ಕಾಲದ ಕೀಲಿ. ನಡುವಿನ ಗೊಂಚಲಿನಲ್ಲಿದ್ದ ಒಂದೊಂದೇ ಚಾವಿ ಹಾಕಿ ನೋಡಿದ. ಐವತ್ತು ನಿಮಿಷ ಹೋಯಿತು. ಕೀಲಿ ಬಿಚ್ಚುವಷ್ಟರಲ್ಲಿ ಬೇಳೆ ಹೊತ್ತಿತ್ತು. ಕೂತೆದ್ದವನ ಮೊಣಕಾಲು ಆಮೇಲೆ ಮಾತು ಕೇಳಲಿಲ್ಲ. ಓಟ ಹೋಗಿ ಕುಂಟು ನಡಿಗೆಯಾಯಿತು.

ಮಾಗಡಿ ಕೆರೆಯ ಏರಿ ಕಂಡಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ನನ್ನ ವೇಳಾಪಟ್ಟಿಯನ್ನು ನಂಬಿ ತಾಯಿ ಮಗಳು ನಾಲ್ಕಕ್ಕೆ ಎದ್ದು, ಮುಂಡರಗಿಯಿಂದ ಎರಡು ಬಸ್ಸು ಬದಲಿಸಿ, ಎಂಟೂವರೆಯಿಂದ ಬಿಸಿಲಿನಲ್ಲಿ ನಿಂತಿದ್ದರು. ನಿದ್ದೆ ಕೆಡಬಾರದು ಎಂದು ಡಾಕ್ಟರು ಹೇಳಿದ್ದರು. ನಾನು ನಿಮಿಷ ಲೆಕ್ಕ ಹಾಕಿದ್ದೆ, ಅದೊಂದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆರೆಯ ತುಂಬ ದೂರದೇಶದ ಹೆಬ್ಬಾತುಗಳು. ನೋಡಲು ಬಂದ ಮೂವತ್ತು ನಲವತ್ತು ಜನ, ಒಂದು ಟ್ರ್ಯಾಕ್ಟರು, ಮಿರ್ಚಿಯ ಗಾಡಿ. ತಾಯಿ ಮಗಳು ಒಂದು ಬದಿಗೆ, ನಮ್ಮ ಗುರುತಿಲ್ಲದವರಂತೆ.

ಅವನೂ ಮಾತಿಗೆ ತಪ್ಪಲಿಲ್ಲ. ಕುಂಟುತ್ತ ಅವರ ಮುಂದೆ ಹಾದು, ಕೆರೆಯ ಕಡೆ ಮುಖ ಮಾಡಿ, ಎಡಗೈ ಎತ್ತಿದ. ಹಕ್ಕಿಗಳಿಗೆ ಕೈ ಮಾಡಿದಂತೆ! ಮಗು ನಕ್ಕಿತು. ಬಾಯಿಗೆ ಕೈ ಅಡ್ಡ ಹಿಡಿಯಿತು. ಆ ಕೈ ಅಲ್ಲಿಯೇ ಸೆಟೆಯಿತು.

ಅವಳು ಬೀಳುವುದನ್ನು ಎಲ್ಲರೂ ನೋಡಿದರು. ಎಲ್ಲರೂ ಓಡಿಬಂದರು. ಇವನು ನಾಲ್ಕು ಹೆಜ್ಜೆ ಹಿಂದಕ್ಕೆ ಬಂದು ಮಂಡಿಯೂರಿ, ಎಡಗೈಯಿಂದ ಅವಳನ್ನು ಮಗ್ಗುಲಿಗೆ ಹೊರಳಿಸಿ, ಹೆಗಲ ಮೇಲಿನ ಟವೆಲನ್ನು ತಲೆಯ ಕೆಳಗೆ ತಳ್ಳಿದ.

“ಮಾಮಾರ, ಟೈಮ್ ನೋಡ್ರಿ” ಎಂದ.

ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಟೈಮ್ ಕೇಳಿದ್ದು ಅದೇ ಮೊದಲು.

ಟ್ರ್ಯಾಕ್ಟರಿನವನು ಇಂಜಿನ್ ಆರಿಸಿ ಚಾವಿ ಕಿತ್ತು ತಂದ. ಮಿರ್ಚಿಯವನು ಉಳ್ಳಾಗಡ್ಡಿ ತಂದ. “ಏನೂ ಬ್ಯಾಡ. ಹಿಂದ ಸರೀರಿ, ಗಾಳಿ ಬಿಡ್ರಿ” ಎಂದ ಇವನು. ಮುದುಕಿಯೊಬ್ಬಳು ಅವನ ನಡುವಿನ ಕಡೆ ಬೆರಳು ಮಾಡಿ ಬಯ್ದಳು: “ನಡುವಿಗೆ ಇಷ್ಟು ಚಾವಿ ಕಟಗೊಂಡೀಯಲ್ಲೋ, ಒಂದು ಕೊಡಾಕ ಏನ್ ಧಾಡಿ? ಕಲ್ಲಮನಿಷ್ಯಾ, ಕೂಸು ಸಾಯಾಕ್ಹತ್ತೈತಿ.”

ನಾನು ನೋಡಿದೆ. ಅವನ ಬಲಗೈ ತಾನಾಗಿಯೇ ಗೊಂಚಲಿನ ಕಡೆ ಹೋಯಿತು. ಮೂವತ್ತು ವರ್ಷದ ರೂಢಿ. ಬೆರಳುಗಳು ಗೊಂಚಲಿನ ಕಬ್ಬಿಣದ ಬಳೆಯನ್ನು ಮುಟ್ಟಿದವು. ಅವನು ಆ ಕೈಯನ್ನು ಕಿತ್ತು, ತೊಡೆಯ ಕೆಳಗೆ ಹಾಕಿ, ಅದರ ಮೇಲೆ ಕುಳಿತ. ಏರಿಯ ಹರಳುಕಲ್ಲಿನ ಮೇಲೆ, ಪೂರಾ ಭಾರ ಬಿಟ್ಟು.

“ಒಂದು ನಿಮಿಷ” ಎಂದೆ.

ಚಾವಿಗಳು ಸಣ್ಣಗೆ ಸದ್ದು ಮಾಡುತ್ತಿದ್ದವು. ಅವನು ಅಲುಗಾಡದೆ ಕುಳಿತಿದ್ದ, ಆದರೂ ಸದ್ದು ಮಾಡುತ್ತಿದ್ದವು.

“ಎರಡು ನಿಮಿಷ.”

ಶಾಲೆಯಲ್ಲಿ ಸಾವಿರಾರು ಸಲ ಗಡಿಯಾರ ನೋಡಿ ಗಂಟೆ ಹೊಡೆದಿದ್ದೇನೆ. ಸೆಕೆಂಡಿನ ಮುಳ್ಳು ಅಷ್ಟು ಸೋಮಾರಿ ಎಂದು ಗೊತ್ತಿರಲಿಲ್ಲ. ಎರಡು ನಿಮಿಷ ನಲವತ್ತು ಸೆಕೆಂಡಿಗೆ ಮಗುವಿನ ಭುಜ ಇಳಿಯಿತು. ಒಂದು ದೀರ್ಘ ಉಸಿರು ಬಂತು. ಇನ್ನೊಂದು ಬಂತು. ಚಾವಿಗಳ ಸದ್ದು ನಿಂತಿತು.

“ತಾನ ನಿಂತಿತಲ್ಲಾ” ಎಂದ ಟ್ರ್ಯಾಕ್ಟರಿನವನು, ತನ್ನ ಕೈಯಲ್ಲಿದ್ದ ಚಾವಿಯನ್ನೇ ನೋಡುತ್ತ.

ಮುದುಕಿ ಕೇಳಿದಳು: “ಯಾರ ಮಗಳ್ರೀ ಪಾಪ?”

ಅವನು ತುಟಿ ಬಿಚ್ಚಲಿಲ್ಲ. ಮಾತು ಕೊಟ್ಟಿದ್ದನಲ್ಲ. ನೆಲ ನೋಡುತ್ತ ಕುಳಿತ. ನಾನೇ ಏನಾದರೂ ಸುಳ್ಳು ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ, ಮಗುವಿನ ಕಾಲ ಬಳಿ ಕುಳಿತಿದ್ದ ಅವನ ಮಗಳು ತಲೆಯೆತ್ತಿದಳು.

“ನನ್ನ ಮಗಳು” ಎಂದಳು. “ಕಸ್ತೂರಿ ಅಂತ ಹೆಸರು. ಮುಂಡರಗಿಯೊಳಗ ನಾಕನೇ ಇಯತ್ತೆ. ಇಂವ ನಮ್ಮಪ್ಪ.”

ಲಕ್ಷ್ಮೇಶ್ವರದ ಹನ್ನೊಂದು ಕಿಲೋಮೀಟರು ಇಂದಿಗೂ ಬಾಕಿ ಇವೆ. ಹಾಳೆಗಳೇನೋ ಅಚ್ಚಾಗಿ ಶಾಲೆಗಳ ಗೋಡೆ ಹತ್ತಿದವು. ಕೆಲವು ಕಡೆ ಅದರ ಪಕ್ಕದಲ್ಲೇ ಮೊಳೆಗೆ ಒಂದು ಚಾವಿಯೂ ತೂಗುತ್ತದೆ, ಇರಲಿ ಎಂದು. ಅವೆಲ್ಲ ಆಮೇಲಿನ ಮಾತು. ಅಂದು ಏರಿಯ ಮೇಲೆ ಜನ ಒಬ್ಬೊಬ್ಬರಾಗಿ ಸರಿದ ಮೇಲೆ ಮಗಳು ಅಪ್ಪನ ಕಡೆ ನೋಡಿದಳು. ಅವನು ಇನ್ನೂ ಹಾಗೆಯೇ ಕುಳಿತಿದ್ದ.

“ಅಪ್ಪಾ, ಕೈ ತಗಿ. ಜೋಮು ಹಿಡಿದೀತು.”

ಅವನು ತೆಗೆಯಲಿಲ್ಲ. ಅವಳೇ ತೋಳು ಹಿಡಿದು ಎಳೆದಳು. ಅಂಗೈಯ ಹಿಂಭಾಗದಲ್ಲಿ ಹರಳುಗಳು ಒತ್ತಿ ಕೂತಿದ್ದವು. ಒಂದೊಂದನ್ನೇ ಬಿಡಿಸಿ, ಸೆರಗಿನಿಂದ ಒರೆಸಿ, ಆ ಕೈಯನ್ನು ಒಯ್ದು ಕಸ್ತೂರಿಯ ತಲೆಯ ಮೇಲೆ ಇಟ್ಟಳು.

ಆಗ ಎಷ್ಟು ಗಂಟೆಯಾಗಿತ್ತು ಎಂದು ನನ್ನನ್ನು ಕೇಳಬೇಡಿ. ನಾನು ಗಡಿಯಾರ ನೋಡಲಿಲ್ಲ.